ಅರ್ಧ ದಿನದ ಆಳುಗಳು

೧೯೭೬ರ ಫೆಬ್ರುವರಿಯ ಒಂದು ಶನಿವಾರ, ಬೆಳಗಿನ ಶಾಲೆ ಮುಗಿಸಿ, ಹನ್ನೆರಡಕ್ಕೆ ಸ್ವಲ್ಪ ಮೊದಲು ನಾನು ತಿರ್ಲಾಪುರದ ಹೊರಗೆ ಒಂದು ಹತ್ತಿ ಹೊಲದ ಬದುವಿನ ಮೇಲೆ ನಿಂತಿದ್ದೆ. ಬಲಕ್ಕೆ ಜಾಲಿ ಮರ, ಎಡಕ್ಕೆ ಸರ್ಕಾರಿ ಜೀಪು. ಕನಿಷ್ಠ ಕೂಲಿ ಕೊಡುತ್ತಾರೋ ಇಲ್ಲವೋ ನೋಡಲು ಧಾರವಾಡದಿಂದ ಇನ್‌ಸ್ಪೆಕ್ಟರ್ ಬಂದಿದ್ದರು. ಊರ ಮಾಸ್ತರನೆಂದು ನನ್ನನ್ನು ಪಂಚನಾಮೆಗೆ ಸಹಿ ಹಾಕಲು ಕರೆಸಿದ್ದರು. ನಾನಿದ್ದ ಬಾಡಿಗೆ ಖೋಲಿ ಆ ಹೊಲದ ಸಾಹುಕಾರರದೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಒಂಬತ್ತು ಹೆಂಗಸರು ಹತ್ತಿ ಬಿಡಿಸುತ್ತಿದ್ದರು. ಕಾಯ್ದೆ ಹೇಳಿದ ಕೂಲಿಯ ಅರ್ಧದಷ್ಟೇ ಅವರಿಗೆ ಸಿಗುತ್ತಿತ್ತು. ಸಾಹುಕಾರರು ಅದನ್ನು ಮುಚ್ಚಿಡಲಿಲ್ಲ.

"ಇವ್ರು ಅರ್ಧಾ ದಿನದ ಆಳ್ರಿ ಸಾಹೇಬ್ರ. ಮಧ್ಯಾಹ್ನಕ್ಕ ಮನಿಗೆ ಹೊಕ್ಕಾರ. ಅರ್ಧಾ ದಿನಕ್ಕ ಅರ್ಧಾ ಕೂಲಿ. ಕಾಯ್ದೆ ಪ್ರಕಾರನ ಆತಲ್ರಿ?" ಹೊಲದ ಕಡೆ ತಿರುಗಿ, "ಹೊತ್ತಾತು, ನಡೀರಿ ಬೇ ಮನಿಗೆ!" ಎಂದು ಕೂಗಿದರು.

ಯಾರೂ ನಡೆಯಲಿಲ್ಲ. ಇನ್‌ಸ್ಪೆಕ್ಟರ್ ಜೀಪಿನ ಬಾನೆಟ್ಟಿನ ಮೇಲೆ ಕಾಗದವಿಟ್ಟು 'ಅರ್ಧ ದಿನ' ಎಂದು ಬರೆದು, ಪೆನ್ನನ್ನು ನನಗೆ ಕೊಟ್ಟರು. ನಾನು ತೆಗೆದುಕೊಂಡೆ.

ಆಗ ಒಬ್ಬಾಕೆ ಉಡಿಯಲ್ಲಿ ಹತ್ತಿ ತುಂಬಿಕೊಂಡೇ ಬದುವಿಗೆ ಬಂದಳು. ನನ್ನ ಶಾಲೆಯ ಹುಡುಗಿಯೊಬ್ಬಳ ತಾಯಿ. ನಾಯಿಗೆ ಸಿಗದಂತೆ ಜಾಲಿ ಕೊಂಬೆಗೆ ಕಟ್ಟಿದ್ದ ಬುತ್ತಿಗಂಟುಗಳನ್ನು ಬೊಟ್ಟು ಮಾಡಿ ತೋರಿಸಿದಳು.

"ಮಾಸ್ತರ, ಎಣಿಸ್ರಿ. ನಿಮಗ ಲೆಕ್ಕ ಬರ್ತೈತಿ."

ಎಣಿಸಿದೆ. ಒಂಬತ್ತು.

"ಮಧ್ಯಾಹ್ನ ಮನಿಗೆ ಹೋಗಾಕಿ ರೊಟ್ಟಿ ಕಟಗೊಂಡು ಯಾಕ ಬರ್ತಾಳ್ರಿ? ಜಾಲಿಗೆ ಉಣಸಾಕ?"

ಹತ್ತಿಯ ಸಾಲುಗಳಿಂದ ನಗು ಬಂತು.

"ಬಾಳ ಮಾತಾಡಬ್ಯಾಡ," ಎಂದರು ಸಾಹುಕಾರರು. "ನಾಳಿಂದ ಬರಬ್ಯಾಡ."

"ನಾಳಿದು ನಾಳಿಗೆ. ಇವತ್ತ ಇಲ್ಲೇ ಉಂಡು, ಹೊತ್ತು ಮುಣಗೂತನಕ ಬಿಡಸ್ತೀವಿ. ಸಾಹೇಬ್ರ, ನೀವೂ ಕುಂದರ್ರಿ. ರೊಟ್ಟಿ ಐತಿ, ಖಾರ ಐತಿ. ಕಣ್ಣಾರೆ ನೋಡಿ ಬರೀರಿ."

ಇನ್‌ಸ್ಪೆಕ್ಟರ್ ನನ್ನ ಮುಖ ನೋಡಿದರು. ಇವರು ದೀಪ ಹಚ್ಚುವ ಹೊತ್ತಿಗೆ ಹೊಲದಿಂದ ಮರಳುವುದನ್ನು ದಿನಾ ನೋಡಿದ್ದೇನೆ, 'ಅರ್ಧ' ಎಂದಿದ್ದರೆ ಸಹಿ ಹಾಕುವುದಿಲ್ಲ ಎಂದೆ. ಅವರು ಪೆನ್ನು ಇಸಿದುಕೊಂಡು ಆ ಪದ ಹೊಡೆದುಹಾಕಿ, ಮೇಲೆ 'ಪೂರ್ಣ' ಎಂದು ಬರೆದರು. ಸಹಿ ಹಾಕಿದೆ.

ಆ ಹಂಗಾಮಿಗೆ ಪೂರ್ತಿ ಕೂಲಿ ಸಿಕ್ಕಿತು. ಮುಂದಿನ ವರ್ಷ ಸಾಹುಕಾರರು ಆ ಒಂಬತ್ತು ಮಂದಿಯನ್ನು ಕರೆಯಲಿಲ್ಲ. ಅವರು ಬೇರೆ ಹೊಲಗಳಿಗೆ ಹೋದರು. ಅರ್ಧ ಕೂಲಿಗೆ ಮಾತ್ರ ಎಲ್ಲಿಯೂ ಹೋಗಲಿಲ್ಲ. ಖೋಲಿಯನ್ನು ನಾನೇ ಬಿಟ್ಟೆ.

ಅಂಥದ್ದೇನೂ ನಡೆದಿಲ್ಲವೆಂದು ಈಗ ಸಾಹುಕಾರರ ಮನೆಯವರು ಹೇಳುತ್ತಾರೆ. ನಡೆದಿದೆ. ಕಂಡವರಲ್ಲಿ ನನ್ನ ಹೊರತು ಮೂವರು ಬದುಕಿದ್ದಾರೆ: ಆ ತಾಯಿ, ಅದೇ ಊರಿನಲ್ಲಿ; ಅಂದು ಪಕ್ಕದ ಸಾಲಿನಲ್ಲಿ ಹತ್ತಿ ಬಿಡಿಸುತ್ತಿದ್ದ ಅವಳ ನಾದಿನಿ, ಅಣ್ಣಿಗೇರಿಯಲ್ಲಿ ಮಗಳ ಮನೆಯಲ್ಲಿ; ಜೀಪು ನಡೆಸಿದವರು, ಕಲಘಟಗಿಯಲ್ಲಿ.