ಅಪ್ಪನ ಉಡಿದಾರದ ಕೀ

“ಅಮ್ಮ, ತಾತ ಸತ್ತೋಗುವಾಗ ನೀನ್ಯಾಕೆ ಹತ್ರ ಇರ್ಲಿಲ್ಲ?”

ಬೃಂದಾಗೆ ಊಟ ಮಾಡಿಸುತ್ತಿದ್ದೆ. ಈಗ ಐದು ವರ್ಷ ಅವಳಿಗೆ; ದೊಡ್ಡವರು ಯಾರೋ ಆಡಿದ್ದು ಕಿವಿಗೆ ಬಿದ್ದಿರಬೇಕು. “ಮೊದ್ಲು ನುಂಗು” ಎಂದೆ. ಅವಳು ನುಂಗಿ ಆಟಕ್ಕೆ ಓಡಿದಳು. ನಾನು ತಟ್ಟೆ ತೊಳೆದೆ, ತೊಳೆದದ್ದನ್ನೇ ಮತ್ತೆ ತೊಳೆದೆ. ಅವಳಿಗೆ ಹೇಳಲಾಗದ್ದನ್ನು ಇಲ್ಲಿ ಬರೆದಿಡುತ್ತೇನೆ.

ಅಪ್ಪ ಶಾಂತರಾಜು ಉಮ್ಮತ್ತೂರಿನ ಕೂಲಿ ಮನೆಯಿಂದ ಬಂದು ಬ್ಯಾಂಕ್ ಸೇರಿದವರು. ಸುತ್ತಲಿನ ಶಾಖೆಗಳಲ್ಲೇ ದುಡಿದು ಕೊನೆಗೆ ಗುಂಡ್ಲುಪೇಟೆಯಲ್ಲಿ ಮ್ಯಾನೇಜರ್ ಆದರು. ಮನೆ ಮಾತ್ರ ಚಾಮರಾಜನಗರದಲ್ಲೇ. ಚಿಕ್ಕವಳಿದ್ದಾಗ ನನಗೆ ಎರಡು ಜಡೆ ಹೆಣೆದು, ರಿಬ್ಬನ್ ಕಟ್ಟಿ, ಆಮೇಲೆ ಬಸ್ಸಿಗೆ ಓಡುತ್ತಿದ್ದರು. ಜಡೆ ಯಾವಾಗಲೂ ಸೊಟ್ಟ.

ಬ್ಯಾಂಕಿನ ಹಣ, ಗಿರಾಕಿಗಳ ಲಾಕರ್ ಎಲ್ಲ ಇರುವ ಸ್ಟ್ರಾಂಗ್ ರೂಮಿಗೆ ಎರಡು ಕೀ. ಒಂದು ಅಪ್ಪನ ಹತ್ತಿರ, ಇನ್ನೊಂದು ಆಫೀಸರ್ ಚಂದ್ರಕುಮಾರ್ ಹತ್ತಿರ. ಎರಡೂ ಸೇರದೆ ಬಾಗಿಲು ತೆರೆಯದು. ಅಪ್ಪ ತಮ್ಮದನ್ನು ಉಡಿದಾರಕ್ಕೆ ಕಟ್ಟಿಕೊಂಡಿದ್ದರು. ಸ್ನಾನಕ್ಕೂ ಬಿಚ್ಚುತ್ತಿರಲಿಲ್ಲ. ಊಟದ ನಡುವೆ, ನಿದ್ದೆಯ ನಡುವೆ ಸೊಂಟ ಮುಟ್ಟಿ ನೋಡಿಕೊಳ್ಳುವರು. ಪುಣಜನೂರಿನ ನೆಂಟರ ಮನೆಯಲ್ಲಿ ಒಂದು ರಾತ್ರಿಯೂ ಉಳಿದವರಲ್ಲ. ಬೃಂದಾಳ ನಾಮಕರಣದ ದಿನವೂ ತೊಟ್ಟಿಲು ಒಮ್ಮೆ ತೂಗಿ ಹೊರಟೇಬಿಟ್ಟರು.

“ನಿಮ್ಮಪ್ಪ ತಾಳಿ ಕಟ್ಟಿದ್ದು ನಂಗೆ, ಸಂಸಾರ ಮಾಡ್ತಿರೋದು ಆ ಬೀಗದ ಜೊತೆ” ಎಂದು ಅಮ್ಮ ಹಂಗಿಸುತ್ತಿದ್ದಳು.

“ಅದು ನಿನ್ನಂಗೆ ಬೈಯಲ್ಲ ಕಣೆ ಶಿವಲಕ್ಷ್ಮಿ” ಎನ್ನುವರು ಅಪ್ಪ. ಕೀ ಮಾತ್ರ ನಮ್ಮಲ್ಲಿ ಯಾರಿಗೂ ಮುಟ್ಟಲು ಬಿಟ್ಟವರಲ್ಲ.

ಅಪ್ಪ ತೀರಿಕೊಂಡ ದಿನ ಬೆಳಗ್ಗೆ ನಾನು ಪುಟ್ಟ ಬೃಂದಾಳೊಡನೆ ತವರಿನಲ್ಲಿದ್ದೆ. ಶರ್ಟಿನ ಗುಂಡಿ ಹಾಕುತ್ತಿದ್ದ ಅಪ್ಪ ಎದೆ ಹಿಡಿದು ಕುಳಿತರು. ಮೈಯೆಲ್ಲ ಬೆವರು. ಆಂಬುಲೆನ್ಸಿಗೆ ಫೋನ್ ಮಾಡಿದೆ, ಮೈಸೂರಿಗೆ ಒಯ್ಯಬೇಕೆಂದರು. ಅಷ್ಟೊತ್ತಿಗೆ ಅಪ್ಪನ ಕೈ ಎದೆಯ ಮೇಲಿರಲಿಲ್ಲ, ಸೊಂಟದ ಮೇಲಿತ್ತು.

“ತೆರಕಣಾಂಬಿ ಮಹಾಲಕ್ಷ್ಮಮ್ಮನ ಮಗಳ ಮದುವೆ ಇವತ್ತು. ಒಡವೆಯೆಲ್ಲ ನಮ್ ಲಾಕರ್‌ನಲ್ಲೇ ಅದೆ. ‘ಬಾಗಿಲು ತೆಗಿಯೊತ್ಗೇ ಬನ್ನಿ, ಕೊಡ್ತೀನಿ’ ಅಂದಿವ್ನಿ.”

“ಈಗ್ಲೂ ಅದೇ ಮಾತಾ!” ಅಮ್ಮ ಅಳುತ್ತಲೇ ಗದರಿದಳು.

ಗುಂಡ್ಲುಪೇಟೆಯಲ್ಲಿದ್ದ ಚಂದ್ರಕುಮಾರ್‌ಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದೆ. “ಸಾರ್, ಬುಡಿ ಸಾರ್! ಮೊದ್ಲು ಆಸ್ಪತ್ರೆಗೆ ಓಗಿ. ನಾನೇ ಬಂದು ಕೀ ಈಸ್ಕತೀನಿ.”

“ನೀನು ಬಂದು ವಾಪಸ್ ಓಗೊತ್ಗೆ ಮುಹೂರ್ತ ಮುಗ್ದಿರ್ತದೆ ಕಣಪ್ಪ. ಬರಿ ಕುತ್ಗೇಲಿ ಹೆಣ್ಣು ಮಣೆ ಮೇಲೆ ಕೂರ್ಬೇಕಾ? ನೀನು ಅಲ್ಲೇ ಇರು.”

ಆಂಬುಲೆನ್ಸ್ ಬಂತು. ಮಗುವನ್ನು ಪಕ್ಕದ ಮನೆಯವರ ಕೈಗೆ ಕೊಟ್ಟು, ಫ್ಲಾಸ್ಕು, ಬೆಡ್‌ಶೀಟು, ಆಧಾರ್ ಕಾರ್ಡು ಬ್ಯಾಗಿಗೆ ತುರುಕಿ ನಾನೂ ಹತ್ತಿದೆ. ಅಮ್ಮ ಆಗಲೇ ಒಳಗಿದ್ದಳು. ಅಪ್ಪ ಉಡಿದಾರದ ಗಂಟಿನೊಡನೆ ಗುದ್ದಾಡುತ್ತಿದ್ದರು. ಬಿಚ್ಚಲಾಗಲಿಲ್ಲ. ನಾನೇ ಹಲ್ಲಲ್ಲಿ ಕಚ್ಚಿ ಬಿಚ್ಚಿದೆ. ಕೀ ಬೆಚ್ಚಗಿತ್ತು.

ಡ್ರೈವರ್ ಬಾಗಿಲು ಹಾಕಲು ಬಂದ. ಅಪ್ಪ ಕೀಯನ್ನು ನನ್ನ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಿಸಿದರು.

“ನನ್ ಜೊತೆ ನಿಮ್ಮವ್ವ ಅವ್ಳೆ. ನೀನು ಇಳಿ ಕಣಮ್ಮಿ. ಗುಂಡ್ಲುಪೇಟೆಗೆ ಓಗು. ಇದೊಂದು ಮಾಡ್ಕೊಡು ನಂಗೆ.”