ಗಾಡಿಯ ಕೆಳಗಿನ ನಾಯಿ

ಎತ್ತು ಮಾರಿ ಟ್ರ್ಯಾಕ್ಟರ್ ತಂದ ದಿನ ಓಣಿಯವರೆಲ್ಲ ಬಂದು ಪೇಡೆ ತಿಂದು ಹೋದರು. ಮರುದಿನದಿಂದ ನಮ್ಮ ನಾಯಿ ಊಟ ಬಿಟ್ಟಿತು. ಆಗ ಮಾತ್ರ ಒಬ್ಬಳನ್ನು ಬಿಟ್ಟು ಯಾರೂ ಅಂಗಳಕ್ಕೆ ಕಾಲಿಡಲಿಲ್ಲ. ದೂರ ನಿಂತು ಬುದ್ಧಿ ಹೇಳಿದರು.

ನಾನು ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟವನು. ಅವತ್ತಿನಿಂದ ಉಗಾರ ಬುದ್ರುಕದ ಹೊಲಗಳ ಕಬ್ಬನ್ನು ಎತ್ತಿನ ಗಾಡಿಯಲ್ಲಿ ಕಾರ್ಖಾನೆಗೆ ಹೇರಿದ್ದೇನೆ. ಯಾರ ಮುಂದೂ ಕೈ ಚಾಚಿಲ್ಲ, ಕೊಟ್ಟ ಮಾತು ತಪ್ಪಿಲ್ಲ. ಆ ಗಾಡಿಯ ಕೆಳಗೆ, ಎರಡು ಟಾಯರುಗಳ ನಡುವೆ, ಅಚ್ಚಿನ ನೆರಳಿನಲ್ಲಿ ಆರು ವರ್ಷ ಈ ನಾಯಿ ನಡೆದಿತ್ತು. ಯಾರೂ ಕಲಿಸಿದ್ದಲ್ಲ. ಮರಿಯಿದ್ದಾಗ ಬಿಸಿಲು ತಾಳದೆ ಒಳಗೆ ನುಗ್ಗಿತು, ಅದೇ ಅದರ ಜಾಗವಾಯಿತು. ಕಾರ್ಖಾನೆ ಗೇಟಿನ ಮುಂದೆ ಸರದಿಗೆ ನಿಂತಾಗ ಗಾಡಿಯಿಂದ ಒಂದು ಗಳ ಕಬ್ಬು ಎಳೆಯಲಿಕ್ಕೆ ಯಾವನಿಗೂ ಧೈರ್ಯವಿರಲಿಲ್ಲ.

ಎತ್ತುಗಳು ಐಗಳಿ ಕಡೆ ಹೋದವು. ಖಾಲಿ ಗಾಡಿ ನೊಗ ನೆಲಕ್ಕೂರಿ ಅಂಗಳದಲ್ಲಿ ಬಿತ್ತು. ನಾಯಿ ಅದರ ಕೆಳಗೆ ಹೋಗಿ ಮಲಗಿತು, ಏಳಲಿಲ್ಲ.

ದೃಷ್ಟಿ ಆಗೇತಿ, ಮೆಣಸಿನಕಾಯಿ ಇಳಿ ತಗಿ ಅಂದರು. ವಯಸ್ಸಾತು, ಬಿಟ್ಟು ಬಿಡು ಅಂದರು. ಬಾಜೂ ಮನೆಯ ಜೈನರ ಅಕ್ಕ ಒಬ್ಬಳೇ ಏನೂ ಅನ್ನದೆ ದಿನಾ ಹಾಲಿನಲ್ಲಿ ರೊಟ್ಟಿ ಮುರಿದು ತಂದಿಡುತ್ತಿದ್ದಳು. ಅದನ್ನು ಕಾಗೆ ತಿಂದವು.

ಕಾಗವಾಡದಿಂದ ದನದ ಡಾಕ್ಟರನ್ನು ಕರೆಸಿದೆ. ಒಂದು ಇಂಜೆಕ್ಷನ್ ಚುಚ್ಚಿ, ಕೈ ತೊಳೆದುಕೊಂಡು, "ಮೈಗೇನೂ ಆಗಿಲ್ರಿ. ಮನಸ್ಸಿಗೆ ಹಚ್ಚಿಕೊಂಡೈತಿ. ಖುಷಿಯಾಗಿ ಇಡ್ರಿ," ಎಂದ.

"ಖುಷಿ ಯಾವ ಅಂಗಡ್ಯಾಗ ಸಿಗತೈತ್ರಿ ಸಾಹೇಬ್ರ? ಚೀಟಿ ಬರದು ಕೊಡ್ರಿ, ತರತೀನಿ," ಎಂದೆ. ಅವನಿಗೂ ಸಿಟ್ಟು ಬಂತು. ಬರಲಿ.

ಖುಷಿಪಡಿಸಲಿಕ್ಕೆ ನಾನೇನೂ ಕಡಿಮೆ ಮಾಡಲಿಲ್ಲ. ಕೋಳಿ ಕೊಯ್ಯಿಸಿ ಎಲುಬು ಹಾಕಿದೆ, ಮೂಸಲಿಲ್ಲ. ಎತ್ತಿ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಕೂರಿಸಿದೆ, ಇಂಜಿನ್ ಶುರುವಾಗುತ್ತಲೇ ಉಚ್ಚೆ ಹೊಯ್ದುಕೊಂಡು ಜಿಗಿಯಿತು. ಒಂದು ದಿನ ಕೊರಳಿಗೆ ಹಗ್ಗ ಹಾಕಿ ಗಾಡಿಯ ಕೆಳಗಿಂದ ದರದರ ಎಳೆದೆ. ಕಚ್ಚಲಿಲ್ಲ. ಗುರ್ ಅನ್ನಲೂ ಇಲ್ಲ. ಕಚ್ಚಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಹೆಂಡತಿ ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದಳು. "ಎತ್ತು ಮಾರೀರಿ. ಅದರ ಕೂಡ ಆ ಮೂಕಪ್ರಾಣಿ ಕೆಲಸಾನೂ ಮಾರೀರಿ. ಈಗ ಕೊರಳಿಗೆ ಹಗ್ಗ ಹಾಕಿದ್ರ ಹೆಂಗ ಎದ್ದೀತು?"

"ನಾಯಿಗೆ ಎಂಥಾ ಕೆಲಸ? ಸುಮ್ನ ಒಳಗ ಹೋಗು!"

ಹೋದಳು. ಆದರೆ ಆ ಮಾತು ಹೋಗಲಿಲ್ಲ.

ಈ ನಡುವೆ ನಿಪ್ಪಾಣಿ ಹೈವೇದಲ್ಲಿ ಧಾಬಾ ಹಾಕಿದವನೊಬ್ಬ ಗಾಡಿ ಕೇಳಿಕೊಂಡು ಬಂದ. ಬಣ್ಣ ಬಳಿದು, ಲೈಟು ಸುತ್ತಿ, ಬಾಗಿಲ ಮುಂದೆ ನಿಲ್ಲಿಸುತ್ತಾನಂತೆ. ಜನ ಸೆಲ್ಫಿ ತೆಗೆದುಕೊಳ್ಳುತ್ತಾರಂತೆ. ನಾನು ಹೊಟ್ಟೆಪಾಡಿಗೆ ಬೆವರು ಸುರಿಸಿದ ಗಾಡಿ! ಉರಿದುಹೋಯಿತು. ಆದರೆ ಗಾಡಿ ಹೋದರೆ ನಾಯಿ ಅಡಗುವ ಜಾಗ ಹೋಗುತ್ತದೆ, ಎದ್ದು ಓಡಾಡೀತು ಅಂದುಕೊಂಡು ಒಪ್ಪಿದೆ. ಸೋಮವಾರ ಟೆಂಪೋ ತರುತ್ತೇನೆಂದ.

ಸೋಮವಾರ ಬೆಳಿಗ್ಗೆ ಗಾಡಿಯನ್ನು ರಸ್ತೆಗೆ ತರಬೇಕು. ನಾಯಿ ಕೆಳಗೇ ಬಿದ್ದಿತ್ತು, ಪಕ್ಕೆಲುಬು ಎಣಿಸಬಹುದಿತ್ತು. "ಏಳಲೇ, ಸಾಯೂದಿದ್ರ ಬ್ಯಾರೆ ಕಡೆ ಸಾಯಿ!" ಎಂದು ಒದರಿ, ಸಿಟ್ಟಿನ ಭರದಲ್ಲಿ ನಾನೇ ನೊಗಕ್ಕೆ ಹೆಗಲು ಕೊಟ್ಟು ಎಳೆದೆ. ಗಾಡಿ ಕಿರ್ರ್ ಅಂತ ಉರುಳಿತು.

ಹಿಂದೆ ಉಗುರು ಕೆರೆದ ಸಪ್ಪಳ. ತಿರುಗಿ ನೋಡಿದರೆ ನಾಯಿ ಎದ್ದಿತ್ತು. ತೂರಾಡುತ್ತ ಅಚ್ಚಿನ ಕೆಳಗೆ ತನ್ನ ಜಾಗಕ್ಕೆ ಬಂದು ಗಾಡಿಯ ಸಂಗಡ ಹೆಜ್ಜೆ ಹಾಕುತ್ತಿತ್ತು. ನಿಂತೆ, ಅದೂ ನಿಂತಿತು. ಎಳೆದೆ, ನಡೆಯಿತು.

ನಿಲ್ಲಿಸಲಿಕ್ಕೆ ಮನಸ್ಸಾಗಲಿಲ್ಲ. ಅಂಗಳ ದಾಟಿದೆ, ಓಣಿಗೆ ಬಂದೆ. ಕಟ್ಟೆಯ ಮೇಲೆ ಕೂತವರಿಗೆ ಹಬ್ಬ.

"ಯಾಕೋ ಕಾಕಾ, ಎತ್ತು ಮಾರಿ ನೀನ ನೊಗ ಹೊತ್ತೇನು?"

"ಹಿಂಡಿ ತಿಂದೀಯೇನಪಾ ಮುಂಜಾನೆ?"

"ಟ್ರ್ಯಾಕ್ಟರಿಗೆ ಡೀಸೆಲ್ ಇಲ್ಲೇನು?"

ಕಿವಿ ಕಾದವು. ಯಾರ ಮುಂದೂ ಬಾಗದ ಕುತ್ತಿಗೆ ಇದು. ಅಲ್ಲೇ ನೊಗ ಬಿಸಾಕಿ ಇಬ್ಬರ ಕಪಾಳಕ್ಕೆ ಕೊಡಬೇಕೆನ್ನಿಸಿತು. ಆದರೆ ಕೈಬಿಟ್ಟರೆ ನಾಯಿ ಕೂತುಬಿಡುತ್ತದೆ. "ನಕ್ಕೋರಲೇ, ಹಲ್ಲ ಉದುರೂಮಟ ನಕ್ಕೋರಿ," ಎಂದು ಬೈಯುತ್ತಲೇ ಕಬ್ಬಿನ ಹೊಲದ ತನಕ ಎಳೆದೆ. ಎಮ್ಮೆಯ ಮೇವಿಗೆ ಹಸಿ ಸೋಗೆ ಹೇರಿಕೊಂಡು ತಿರುಗಿದೆ.

ಮನೆಯ ಮುಂದೆ ಟೆಂಪೋ ನಿಂತಿತ್ತು. ಧಾಬಾದವನು ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಕಾಕಾ, ಗಾಡಿ ಖಾಲಿ ಮಾಡ್ರಿ. ಹೇರತೀವಿ."

"ಗಾಡಿ ಕೊಡೂದಿಲ್ಲ."

"ಮಾತು ಕೊಟ್ಟಿದ್ರಲ್ರಿ?"

"ಕೊಟ್ಟಿದ್ದೆ. ತಪ್ಪೀನಿ. ಊರ ತುಂಬ ಹೇಳ್ಕೋತ ಹೋಗು."

ಓಣಿಯೆಲ್ಲ ಕೇಳಿತು. ಹುಟ್ಟಿದಾಗಿನಿಂದ ಆಡದ ಮಾತನ್ನು ಒಂದು ನಾಯಿಗಾಗಿ ಆಡಿದ್ದೆ. ಆ ಸಿಟ್ಟು ನನಗೆ ಇನ್ನೂ ಇದೆ. ಅವನ ಮೇಲಲ್ಲ. ಆರು ವರ್ಷ ದುಡಿದ ಜೀವಕ್ಕೆ ಒಂದು ಮಾತು ಹೇಳದೆ ಕೆಲಸದಿಂದ ತೆಗೆದೆನಲ್ಲ, ಆ ನನ್ನ ಮೇಲೆ.

ಅಷ್ಟರಲ್ಲಿ ನಾಯಿ ಅಚ್ಚಿನ ಕೆಳಗಿಂದ ಮೂತಿ ಹೊರಗೆ ಹಾಕಿ, ಗಾಡಿಯ ಮೇಲೆ ಕೈಯಿಟ್ಟಿದ್ದ ಧಾಬಾದವನನ್ನು ನೋಡಿ ಗುರ್ ಅಂದಿತು. ಅವನು ಕೈ ತೆಗೆದ. ಹೆಂಡತಿ ಒಳಗಿಂದ ರೊಟ್ಟಿ ತಂದಳು.