ಗದ್ದೆಯ ಬದುವಿನ ಮೇಲೊಂದು ಕೂಗು

"ಎದ್ದೋಗ್ರಪ್ಪಾ, ಬೆಂಕಿ ಆಕ್ತೀವಿ."

ಹೆಮ್ಮಿಗೆ ಹಳ್ಳಿಯಲ್ಲಿ ಕಬ್ಬು ಕಡಿದಿದ್ದ ಗದ್ದೆಯ ಬದುವಿನ ಮೇಲೆ ಬೆಂಕಿಪೊಟ್ಟಣ ಹಿಡಿದು ನಿಂತ ಸಿದ್ದಮ್ಮ ಕೂಗುತ್ತಿದ್ದರು. ಗದ್ದೆಯಲ್ಲಿ ಯಾರೂ ಇರಲಿಲ್ಲ. ಒಣ ತರಗಿಗೆ ಬೆಂಕಿ ಇಡುವ ಮುನ್ನ ಅದರೊಳಗಿನ ಮೊಲ, ಹಾವುಗಳಿಗೆ ಹೀಗೆ ಕೂಗಿ ಹೇಳುವುದು ಅವರ ಮನೆಯ ವಾಡಿಕೆ.

ಅಂದು ಬೆಳಿಗ್ಗೆ ನಾವು ಕೆಲವು ಗೆಳೆಯರು ಶಾಲೆಯ ಜಗಲಿಯಲ್ಲಿ ಚಿತ್ರಪಟ ತೂಗುಹಾಕಿ, ಹೊಗೆಯಿಂದ ಭೂಮಿ ಹೇಗೆ ಬಿಸಿಯಾಗುತ್ತದೆ, ಆ ಬಿಸಿ ಮುಂದೆ ಹುಟ್ಟುವವರನ್ನು ಹೇಗೆ ಕಾಡುತ್ತದೆ ಎಂದು ಹೇಳಿದ್ದೆವು. ಸಿದ್ದಮ್ಮ ಕಂಬಕ್ಕೆ ಒರಗಿ ಕೇಳಿಸಿಕೊಂಡಿದ್ದರು. ಬಸ್ಸಿಗೆ ಹೊರಟಿದ್ದ ನಾನು ಅವರ ಕೂಗು ಕೇಳಿ ನಿಂತೆ.

ಅವರು ಕಡ್ಡಿ ಗೀರಿದರು. ಅದು ಬೆರಳಿನವರೆಗೂ ಉರಿದು ಆರಿತು.

ಪಕ್ಕದಲ್ಲಿದ್ದ ಗಂಡ ನಕ್ಕರು. "ಏನಮ್ಮಿ, ಮೊಲ ಇನ್ನೂವೆ ಗಂಟುಮೂಟೆ ಕಟ್ತಾ ಅದಾ? ಕೂಳೆ ಚಿಗುರ್ಬೇಕು, ಅಚ್ಚು ಬೇಗ."

ಸಿದ್ದಮ್ಮ ನಗಲಿಲ್ಲ. "ಮೊಲುಕ್ಕೆ, ಆವ್ಗೆ ಎದ್ದೋಗಿ ಅಂತ ಕೂಗ್ಬುಟ್ಟೆ. ಸೊಸೆ ಒಟ್ಟೇಲಿರೋ ಕೂಸ್ಗೆ ಎಲ್ಲಿಗೆ ಓಗು ಅನ್ಲಿ?"

ಗಂಡ ಬೆಂಕಿಪೊಟ್ಟಣವನ್ನು ಅವರ ಕೈಯಿಂದ ತೆಗೆದು ತಮ್ಮ ಜೇಬಿಗೆ ಹಾಕಿಕೊಂಡರು. ಆಮೇಲೆ ಬಗ್ಗಿ, ತರಗನ್ನು ಬಾಚಿ ಬಾಚಿ ಕಡಿದುಳಿದ ಕೂಳೆ ಸಾಲುಗಳ ನಡುವೆ ಹಾಸತೊಡಗಿದರು. ಸಿದ್ದಮ್ಮ ಸೆರಗು ಸಿಕ್ಕಿಸಿಕೊಂಡು ಇನ್ನೊಂದು ಕಡೆಯಿಂದ ಶುರುಮಾಡಿದರು.

ನಮ್ಮ ಚಿತ್ರಪಟದಲ್ಲಿ ಸೂರ್ಯನಿದ್ದ, ಭೂಮಿಯಿತ್ತು, ಹೊಗೆಯಿತ್ತು. ಕೂಸು ಇರಲಿಲ್ಲ. ಮುಂದಿನ ಹಳ್ಳಿಗೆ ಒಯ್ಯುವ ಮೊದಲು ಅದರ ಕೆಳಗಡೆ ಒಂದು ತೊಟ್ಟಿಲು ಬರೆದೆ. ಅದನ್ನು ತೋರಿಸುವಾಗ ಇಂದಿಗೂ ನನ್ನ ದನಿ ತಾನಾಗಿಯೇ ತಗ್ಗುತ್ತದೆ.